ಸಾಹೇಬರ ಹೊಟ್ಟೆ

ಆ ಬೆಳಿಗ್ಗೆ ನಾನು ಬಚ್ಚಲ ಮುಂದಿನ ಒಗೆಯುವ ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದೆ. ಬಾಯಿ ತುಂಬ ನೊರೆ. ತಲೆ ಕಾಗೆಗೂಡು. ಮೈಮೇಲೆ ಸೊಸೆಯ ಹಳೇ ನೈಟಿ, ಹೆಗಲಿಗೊಂದು ಟವೆಲು. ಹೀಗೆ ದೇವಲೋಕದ ರಂಭೆಯಂತೆ ಕೂತಿರುವಾಗ ಕಾಂಪೌಂಡಿನ ಆಚೆಯಿಂದ ಎರಡು ಕಣ್ಣು ನನ್ನ ಮೇಲೆ ನೆಟ್ಟಿರುವುದು ಗೊತ್ತಾಯಿತು.

ತಿರುಗಿ ನೋಡಿದರೆ ಹಿಂದಿನ ಬೀದಿಯ ಚಂದ್ರಶೇಖರಯ್ಯನವರು, ಎಲ್ಲರ ಬಾಯಲ್ಲಿ ಶೆಟ್ಟರು. ಅರಕಲಗೂಡು ಪೇಟೆಯಲ್ಲಿ ಗ್ರಂಧಿಗೆ ಅಂಗಡಿ ಇಟ್ಟು, ಇಡೀ ತಾಲ್ಲೂಕಿನ ದೇವರಿಗೆಲ್ಲ ಊದುಬತ್ತಿ ಕರ್ಪೂರ ಮಾರಿ, ಈಗ ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಆರಾಮಾಗಿರುವ ಮನುಷ್ಯ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಸುಕ್ಕಿಲ್ಲದ ಬಿಳಿ ಪಂಚೆ. ಹೆಂಡತಿ ತೀರಿಕೊಂಡ ಮೇಲೆ ಬೀದಿಯಲ್ಲಿ ನೆಲ ನೋಡಿಕೊಂಡೇ ನಡೆಯುತ್ತಿದ್ದರು. ಅಂಥವರ ಕಣ್ಣು ಇವತ್ತು ನೆಲ ಬಿಟ್ಟು ನನ್ನ ಕಡೆ!

ನೊರೆ ಉಗಿದು ಎದ್ದೆ.

"ಏನ್ ಶೆಟ್ರೆ, ಈ ವಯಸ್ಸಲ್ಲಿ ಕಾಂಪೌಂಡ್ ಇಣುಕೋದು ಕಲ್ತ್ರಾ?"

ಅವರ ಕಿವಿ ಕೆಂಪಗಾಯಿತು. ಕಣ್ಣು ಅತ್ತ ಹೊರಳಿತು, ಇತ್ತ ಹೊರಳಿತು, ಆಮೇಲೆ ಮೇಲಕ್ಕೆ ಹೋಗಿ ನಿಂತಿತು.

"ಅಯ್ಯೋ ಶಿವ್ನೆ! ನಿಮ್ಮನ್ನಲ್ಲ ಗೌಡ್ತಮ್ಮ. ನಿಮ್ ತಲೆ ಮ್ಯಾಲಿರೋದ್ನ ನೋಡ್ತಿದ್ದೆ."

"ತಲೆ ಮ್ಯಾಲೇನು ಕಿರೀಟ ಐತಾ?"

"ಗೋಸುಂಬೆ ಐತೆ."

ನಾನು ಹಾರಿದ ಹಾರಿಕೆಗೆ ಗೊರೂರು ಡ್ಯಾಮಿನ ಆಚೆ ದಡಕ್ಕೆ ಹೋಗಿ ಬೀಳಬೇಕಿತ್ತು. ದಾಸವಾಳದ ಕೊಂಬೆಯಲ್ಲಿ ಹಸಿರು ಬಣ್ಣದ್ದೊಂದು ಊಸರವಳ್ಳಿ ಬಾಲ ಸುರುಳಿ ಸುತ್ತಿಕೊಂಡು ಕೂತಿತ್ತು. ಮುಂಗಾಲಿನಲ್ಲಿ ರಕ್ತ. ಪಕ್ಕದ ಕೊಂಬೆಯಲ್ಲಿ ಕಾಗೆ ಕೊಕ್ಕು ಮಸೆಯುತ್ತಿತ್ತು.

"ಸುಮ್ನೆ ನೋಡ್ತಾ ನಿಂತ್ಕಂಡ್ರೆ ಕಾಗೆ ಬಿಡ್ತದಾ? ಬನ್ನಿ ಈಚೆಗೆ!" ಅಂದೆ.

ಗೇಟಿನ ದಾರಿ ಮರೆತು, ಪಂಚೆ ಎತ್ತಿಕಟ್ಟಿ, ಕಾಂಪೌಂಡು ಹತ್ತಿ ಇಳಿದರು. ಇಳಿದವರು ಕಲ್ಲಿನ ಮೇಲೆ ಜಾರಿ ನನ್ನ ಹಲ್ಲುಪುಡಿ ಡಬ್ಬದ ಮೇಲೆ ಕೂತರು. ಬಿಳಿ ಪಂಚೆ ಹಿಂದೆಲ್ಲ ಗುಲಾಬಿ. ನಾನು ನಗಬಾರದೆಂದು ಟವೆಲು ಕಚ್ಚಿಕೊಂಡೆ. ಅವರು ಅದನ್ನು ನೋಡಿ ತಾವೇ ನಕ್ಕುಬಿಟ್ಟರು. ಆ ಬೀದಿಯಲ್ಲಿ ಅವರ ಹಲ್ಲು ಕಂಡವರು ಎಷ್ಟೋ ವರ್ಷಗಳಲ್ಲಿ ನಾನೊಬ್ಬಳೇ ಇರಬೇಕು.

ಗಾಯಕ್ಕೆ ಅರಿಶಿನ ಮೆತ್ತಿದೆವು. ಅದು ಒಂದು ಕಣ್ಣಲ್ಲಿ ನನ್ನನ್ನು, ಇನ್ನೊಂದರಲ್ಲಿ ಅವರನ್ನು ನೋಡಿತು, ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತವರನ್ನು ನೋಡುವ ಹಾಗೆ.

"ಸಾಹೇಬ್ರು ಅನ್ನೋಣ ಇವ್ರಿಗೆ," ಅಂದೆ.

"ಸಾಹೇಬ್ರಿಗೆ ಊಟಕ್ಕೇನು?"

"ಮಿಡತೆ, ಹುಳ. ಹಿಡ್ಕಂಡ್ ಬಂದ್ಕೊಡ್ತೀರಾ?"

ತಮಾಷೆಗೆ ಅಂದೆ. ಹುಟ್ಟಿದಾಗಿನಿಂದ ಮೊಟ್ಟೆ ಇರುವ ಅಂಗಡಿಯಲ್ಲಿ ಬ್ರೆಡ್ಡೂ ಕೊಳ್ಳದ ಮನುಷ್ಯ ಅವರು.

ಸಂಜೆ ಬಂದರು. ಕೈಯಲ್ಲಿ ಹಳೇ ಊದುಬತ್ತಿ ಡಬ್ಬ, ತಗಡಿನದು. ಒಳಗೆ ಟಪ್ ಟಪ್ ಅಂತ ಸದ್ದು.

ನಾನು ಬಾಯಿ ಮುಚ್ಚಿದೆ. ನಾನು ಬಾಯಿ ಮುಚ್ಚಿದ್ದು ನನ್ನ ಜೀವಮಾನದಲ್ಲಿ ಅದು ಎರಡನೇ ಸಲ, ಮೊದಲನೆಯದು ಮದುವೆ ಮಂಟಪದಲ್ಲಿ.

ಅಂದಿನಿಂದ ದಿನಾ ಸಂಜೆ ಬರತೊಡಗಿದರು. ನಾನು ಜಗುಲಿಯ ಕಂಬದ ಪಕ್ಕ ಒಂದು ದಾಸವಾಳದ ಕುಂಡ ತಂದಿಟ್ಟೆ. ಸಾಹೇಬರ ವಾಸ ಅಲ್ಲಿ. ಶೆಟ್ಟರು ಡಬ್ಬದ ಮುಚ್ಚಳ ಅರ್ಧ ತೆರೆಯುತ್ತಿದ್ದರು, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸಾಹೇಬರ ನಾಲಿಗೆ ಮೊಳ ಉದ್ದ ಹಾರಿ ಬಂದು ಫಟ್ ಅಂತ ಮಿಡತೆ ಎಳೆದುಕೊಂಡು ಹೋಗುತ್ತಿತ್ತು.

"ಆಯ್ತಾ?" ಅಂತ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು.

"ಇಲ್ಲ, ಇನ್ನೂ ಅಗೀತೈತೆ. ಕಾಲು ಬಾಯಿಂದಾಚೆ ಆಡ್ತೈತೆ. ನೋಡಿ ಬೇಕಾರೆ."

"ಸುಮ್ನಿರಿ ಗೌಡ್ತಮ್ಮ!"

ಅದು ನುಂಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡಿರುವಷ್ಟು ಹೊತ್ತು ನಾನು ಅವರ ಮುಖ ನೋಡಬಹುದಲ್ಲ, ಅದಕ್ಕೆ ಸುಳ್ಳು ಹೇಳುತ್ತಿದ್ದೆ.

ಹಾಗೆ ನೋಡುವಾಗಲೇ ಗೊತ್ತಾಯಿತು, ಅವರ ಕಿವಿಯ ಹಿಂದಿನ ಕೂದಲು ಯಾವಾಗಲೂ ಒದ್ದೆ.

"ಸಂಜೆಗೂ ನೀರ್ ಹುಯ್ಕತೀರಾ ಶೆಟ್ರೆ?"

"ಜೀವ ಹಿಡ್ದ ಕೈಯಲ್ಲಿ ಲಿಂಗ ಮುಟ್ಟಕಾಯ್ತದಾ? ಮಿಡತೆ ಹಿಡೀತೀನಿ, ಸ್ನಾನ ಮಾಡ್ತೀನಿ, ಪೂಜೆ ಮಾಡ್ತೀನಿ, ಬತ್ತೀನಿ."

ನನ್ನ ಸಾಹೇಬರಿಗೋಸ್ಕರ ಈ ಮನುಷ್ಯ ದಿನಾ ಎರಡು ಸಲ ಮೀಯುತ್ತಿದ್ದರು. ತೀರಿಹೋದ ನಮ್ಮ ಯಜಮಾನರು ಒಳ್ಳೆಯವರು, ದೇವರು ಅಲ್ಲಿ ಅವರನ್ನು ಚೆನ್ನಾಗಿಟ್ಟಿರಲಿ. ಆದರೆ ಅವರಿಗೆ ಒಂದು ಸಲ ಸ್ನಾನ ಮಾಡಿಸಲು ನಾನು ಊರೆಲ್ಲ ಅಟ್ಟಿಸಿಕೊಂಡು ಹೋಗಬೇಕಿತ್ತು.

ಒಳಗೆ ಸೊಸೆ ನೇತ್ರಾವತಿ ಬ್ಲೌಸ್ ಹೊಲಿಯುತ್ತಿರುತ್ತಿದ್ದಳು. ಶೆಟ್ಟರ ಚಪ್ಪಲಿ ಸದ್ದು ಕೇಳಿದ ಕೂಡಲೇ ಅವಳ ಮಿಷನ್ನಿನ ಗಡಗಡ ನಿಲ್ಲುತ್ತಿತ್ತು. ಅವರು ಹೋದ ಮೇಲೆ ಮತ್ತೆ ಶುರು. ಸೊಸೆಗೆ ಕಿವಿ ಎಷ್ಟು ಚುರುಕೆಂದರೆ ಹಾಸನದಲ್ಲಿ ಬಿದ್ದ ಸೂಜಿ ಇಲ್ಲಿ ಕೇಳಿಸುತ್ತದೆ.

ಶ್ರಾವಣ ಕಳೆಯಿತು, ದಸರಾ ಕಳೆಯಿತು. ಸಾಹೇಬರ ಕಾಲಿನ ಗಾಯ ಮಾಗಿತು. ಇನ್ನು ಅವರನ್ನು ಬೇಲಿಗೆ ಬಿಡಬಹುದೆಂದು ನಾವಿಬ್ಬರೂ ಬಲ್ಲೆವು. ಇಬ್ಬರೂ ಬಾಯಿ ಬಿಡಲಿಲ್ಲ.

ಕಾರ್ತಿಕದಲ್ಲಿ, ಅವರೆ ಬಳ್ಳಿ ತುಂಬ ಹೂ ಬಿಟ್ಟಾಗ, ಸಾಹೇಬರು ಊಟ ಬಿಟ್ಟರು.

ಮೊದಲ ದಿನ ಮಿಡತೆಯನ್ನು ಒಂದು ಕಣ್ಣಲ್ಲಿ ನೋಡಿ, ಇನ್ನೊಂದು ಕಣ್ಣನ್ನು ತಿರುಗಿಸಿಕೊಂಡರು. ಎರಡನೇ ದಿನ ಎರಡೂ ಕಣ್ಣು ತಿರುಗಿಸಿದರು. ಕುಂಡದ ಕೆಳಗೆ ನಾನು ಹಾಸಿದ್ದ ಹಳೇ ಪೇಪರು ಚೊಕ್ಕಟ. ಒಂದು ಹಿಕ್ಕೆಯಿಲ್ಲ. ಹೊಟ್ಟೆ ಮಾತ್ರ ಊದಿಕೊಂಡು ಬರುತ್ತಿತ್ತು.

ಬೆಳಿಗ್ಗೆ ಶೆಟ್ಟರು ಹಾಲು ತರಲು ಹೋಗುವಾಗ ಕಾಂಪೌಂಡಿನಾಚೆಯಿಂದಲೇ ಕೇಳುತ್ತಿದ್ದರು.

"ಹೊರಗ್ ಹೋದ್ರಾ ಸಾಹೇಬ್ರು?"

"ಇನ್ನೂ ಇಲ್ಲ!"

"ಗಾಳಿ ಗೀಳಿ?"

"ಅದೂ ಇಲ್ಲ!"

ಬೇರೆಯವರು ಪ್ರೀತಿ ಮಾಡುವಾಗ ಬೆಳದಿಂಗಳು, ಮಲ್ಲಿಗೆ ಅಂತೆಲ್ಲ ಮಾತಾಡುತ್ತಾರಂತೆ. ನಮ್ಮ ಪಾಲಿಗೆ ಬಂದದ್ದು ಇದು.

ಸಾಹೇಬರು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೊಂಬೆ ಇಳಿದು ಕುಂಡದ ಅಂಚಿಗೆ ಬರುವುದು, ಸಿಮೆಂಟ್ ನೆಲ ಮುಟ್ಟಿ ನೋಡುವುದು, ಮತ್ತೆ ಹತ್ತುವುದು, ಮತ್ತೆ ಇಳಿಯುವುದು. ನನಗೂ ಹಾಗೇ ಆಯಿತು. ಸಾಹೇಬರು ಇಳಿದರೆ ನಾನು ಎದ್ದೆ, ಅವರು ಹತ್ತಿದರೆ ಕೂತೆ. ಕೂತರೆ ಮುಳ್ಳು.

ಅಷ್ಟು ಸಾಲದೆಂಬಂತೆ ಒಂದು ಸಂಜೆ ಶೆಟ್ಟರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಚನ್ನರಾಯಪಟ್ಟಣದಲ್ಲಿರುವ ಮಗಳು ಗಂಗಾಂಬಿಕೆ. ಫೋನು ಕಿವಿಗಿಟ್ಟರೆ ಶೆಟ್ಟರಿಗೆ ಸರಿಯಾಗಿ ಕೇಳುವುದಿಲ್ಲ, ಸ್ಪೀಕರ್ ಹಾಕಿಕೊಂಡೇ ಮಾತಾಡುವುದು.

"ಅಪ್ಪಾಜಿ, ಮೇಲಿನ ರೂಮಿಗೆ ಸುಣ್ಣ ಬಣ್ಣ ಎಲ್ಲ ಆಯ್ತು. ಯಾವಾಗ್ ಬರ್ತೀರ? ಒಬ್ರೇ ಅಲ್ಲಿದ್ದು ಏನ್ ಮಾಡ್ತೀರ?"

"ಬತ್ತೀನಿ ಕಣವ್ವ. ಇಲ್ಲೊಬ್ರಿಗೆ ಹೊಟ್ಟೆ ಸರಿ ಇಲ್ಲ. ಅದು ಸರಿಹೋಗ್ಲಿ, ಬಂದ್ಬುಡ್ತೀನಿ."

"ಮಾತ್ ಕೊಡಿ ಮತ್ತೆ."

ಶೆಟ್ಟರು ಸಾಹೇಬರನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಕೊಟ್ಟೆ," ಅಂದರು.

ನನ್ನ ಎದೆಯೊಳಗೆ ಒರಳುಗುಂಡು ಉರುಳಿದ ಹಾಗಾಯಿತು. ಸಾಹೇಬರ ಹೊಟ್ಟೆ ಸರಿಹೋಗದಿದ್ದರೆ ಸಾಹೇಬರು ಉಳಿಯುವುದಿಲ್ಲ. ಸರಿಹೋದರೆ ಶೆಟ್ಟರು ಉಳಿಯುವುದಿಲ್ಲ. ಯಾವ ದೇವರಿಗೆ ಏನೆಂದು ಹರಕೆ ಹೊರಲಿ?

ಆದರೂ ಮೂಕಪ್ರಾಣಿ. ನೋವು ತಿನ್ನುವುದನ್ನು ನೋಡುತ್ತಾ ಕೂರಲಾಗಲಿಲ್ಲ. ಓಮದ ನೀರು ಎಲೆಯ ಮೇಲೆ ಹನಿಸಿದೆ. ಬಜೆ ತೇದು ತುಟಿಗೆ ಸವರಿದೆ. ಹೊಟ್ಟೆಗೆ ಇಂಗು ಹಚ್ಚಿದೆ. ಸಾಹೇಬರು ಜಗ್ಗಲಿಲ್ಲ. ಕೊನೆಗೆ ನಮ್ಮವ್ವ ಎಳೆಕೂಸುಗಳಿಗೆ ಮಾಡುತ್ತಿದ್ದ ಚಿಕಿತ್ಸೆಯೊಂದೇ ಉಳಿಯಿತು. ಕೂಸು ಹೊರಗೆ ಹೋಗದಿದ್ದರೆ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಡಬೇಕಾದ ಕಡೆ ಮೆಲ್ಲಗೆ ಇಟ್ಟರೆ, ಕಣ್ಣು ಮಿಟುಕಿಸುವುದರೊಳಗೆ ಕೆಲಸ ಆಗುತ್ತದೆ.

"ಶೆಟ್ರೆ, ನೀವು ಹಿಡ್ಕಳಿ."

"ಎಲ್ಲಿಗ್ ಇಡ್ತೀರಿ ಆ ತೊಟ್ಟು?"

ಹೇಳಿದೆ.

"ಶಿವ ಶಿವಾ! ಆ ಎಲೆ ಅಡಿಕೆ ಮಾರಿ ಬದುಕ್ದೋನು ನಾನು ಗೌಡ್ತಮ್ಮ!"

"ಅದಕ್ಕೇ ತೊಟ್ ಮಾತ್ರ ಇಟ್ಕಂಡಿರೋದು. ಎಲೆ ನೀವ್ ಹಾಕಳಿ."

ಅವರು ಕಣ್ಣು ಮುಚ್ಚಿ, 'ಓಂ ನಮಃ ಶಿವಾಯ' ಅನ್ನುತ್ತಾ ಎರಡು ಕೈಯಲ್ಲಿ ಸಾಹೇಬರನ್ನು ಹಿಡಿದರು. ತೊಟ್ಟು ತಾಗಿದ್ದೇ ತಡ, ಸಾಹೇಬರು ಹಸಿರಿದ್ದವರು ಇದ್ದಿಲಾದರು. ಬುಸ್ ಅಂದರು. ಶೆಟ್ಟರ ತೋರುಬೆರಳು ಕಚ್ಚಿ ಹಿಡಿದರು.

ಬಿಡಿಸುವಷ್ಟರಲ್ಲಿ ನನಗೆ ಬೆವರು. ರಕ್ತ ಒಂದು ಹನಿ, ಅಷ್ಟೇ. ನಾನು ಮಾತ್ರ ಕೈಯೇ ಮುರಿದಿದೆಯೆಂಬಂತೆ ಆ ಬೆರಳನ್ನು ಹಿಡಿದು, ಅರಿಶಿನ ಹಚ್ಚಿ, ಊದಿ, ಸೆರಗಿನಿಂದ ಒತ್ತಿದೆ. ಮತ್ತೂ ಒತ್ತಿದೆ. ರಕ್ತ ನಿಂತು ಬಹಳ ಹೊತ್ತಾಗಿತ್ತು.

"ಉರೀತದಾ?"

"ಇಲ್ಲ," ಅಂದರು. ಆಮೇಲೆ ತಡೆದು, "ಸ್ವಲ್ಪ ಉರೀತದೆ," ಅಂದರು.

ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಒಳಗೆ ಮಿಷನ್ನು ನಿಂತೇ ಇತ್ತು.

ಅವತ್ತು ಊಟಕ್ಕೆ ಕೂತರೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ನೇತ್ರಾವತಿ ನನ್ನ ತಟ್ಟೆ ನೋಡಿದಳು. ಒಳಗೆ ಹೋಗಿ ಗ್ಯಾಸಿನ ಮಾತ್ರೆ ತಂದು ಅಂಗೈಗೆ ಹಾಕಿದಳು.

"ತಗಳಿ ಅತ್ತೆ. ಸಾಹೇಬ್ರಿಗೂ ಹೊಟ್ಟೆ, ನಿಮ್ಗೂ ಹೊಟ್ಟೆ. ಒಂದೇ ಕಾಯಿಲೆನಾ ಹೆಂಗೆ?"

"ನಂಗೇನಾಗೈತೆ? ಬಂಡೆ ಇದ್ದಂಗಿವ್ನಿ."

"ಹೌದೌದು. ಬಂಡೆ ಸಂಜೆ ಆಗ್ತಿದ್ದಂಗೆ ತಲೆ ಬಾಚ್ಕಂಡು ಗೇಟ್ ನೋಡ್ತದೆ."

"ಬಾಯ್ ಮುಚ್ಚೆ ಬಜಾರಿ," ಅಂದೆ. ಮಾತ್ರೆ ನುಂಗಿದೆ. ಏನೂ ಇಳಿಯಲಿಲ್ಲ.

ಮಾರನೇ ಬೆಳಿಗ್ಗೆ ಸಾಹೇಬರ ಕಣ್ಣು ಗುಳಿ ಬಿದ್ದಿತ್ತು. ನಾನು ಶೆಟ್ಟರನ್ನು ಕಾಯಲಿಲ್ಲ. ಅವರ ಮನೆ ಬಾಗಿಲಿಗೇ ಹೋಗಿ ನಿಂತೆ. ವಿಧವೆ ಹೆಂಗಸು ಬೆಳ್ಳಂಬೆಳಿಗ್ಗೆ ಗಂಡಸಿನ ಬಾಗಿಲು ಬಡಿದರೆ ಬೀದಿಗೆ ಬೀದಿಯೇ ಮೈಯೆಲ್ಲ ಕಣ್ಣಾಗುತ್ತದೆ. ಆಗಲಿ ಅಂದುಕೊಂಡೆ.

"ಹಾಸ್ನುಕ್ಕೆ ಹೋಗಣ ನಡೀರಿ. ದನಿನ್ ಡಾಕ್ಟ್ರತ್ರ."

ಪೂಜೆಗೆ ಕೂರಲು ಹೊರಟಿದ್ದವರು ಹಾಗೇ ಶರ್ಟು ಹಾಕಿಕೊಂಡು ಬಂದರು.

ಬುಟ್ಟಿಯೊಳಗೆ ದಾಸವಾಳದ ಕೊಂಬೆ, ಕೊಂಬೆಯ ಮೇಲೆ ಸಾಹೇಬರು, ಮೇಲೆ ನನ್ನ ಹಳೇ ಸೀರೆ ತುಂಡು. ಬಸ್ಸಿನಲ್ಲಿ ನಾನು ಆಧಾರ್ ಕಾರ್ಡು ತೋರಿಸಿದೆ. ಅದರಲ್ಲಿರುವ ವಯಸ್ಸನ್ನು ನಂಬಬೇಡಿ, ಬರೆದುಕೊಂಡವನಿಗೆ ಕಣ್ಣು ಕಾಣುತ್ತಿರಲಿಲ್ಲ. ಶೆಟ್ಟರು ಟಿಕೆಟ್ ತಗೊಂಡರು.

"ಬುಟ್ಟೀಲೇನಜ್ಜಿ?" ಅಂದ ಕಂಡಕ್ಟರು.

"ಸಾಹೇಬ್ರು. ಹುಷಾರಿಲ್ಲ."

"ಯಾವ್ ಆಪೀಸಿನ್ ಸಾಹೇಬ್ರು?"

"ದಾಸವಾಳದ್ ಗಿಡದ ಆಪೀಸು. ನೋಡ್ತೀಯಾ?"

ಬಟ್ಟೆ ಎತ್ತಿದೆ. ಅವನು ಹಿಂದಿನ ಬಾಗಿಲವರೆಗೂ ಹಿಂದಕ್ಕೆ ನಡೆದು ಹೋದ. ಆಮೇಲೆ ಹಾಸನ ಬರುವವರೆಗೂ ನಮ್ಮ ಹತ್ತಿರ ಯಾರೂ ನಿಲ್ಲಲಿಲ್ಲ. ಗೊರೂರು ದಾಟುವಾಗ ಬಸ್ಸು ಕುಲುಕಿತು. ಶೆಟ್ಟರು ಬುಟ್ಟಿಯ ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ. ಅವರ ಬೆರಳಿನಲ್ಲಿ ನಾನು ಹಚ್ಚಿದ್ದ ಅರಿಶಿನ ಇನ್ನೂ ಇತ್ತು. ಎರಡು ಸ್ನಾನದಲ್ಲಿ ಹೇಗೆ ಉಳಿಸಿಕೊಂಡರೋ!

"ಗೌಡ್ತಮ್ಮ, ಏನೂ ಆಗಕಿಲ್ಲ."

"ಆಗದಿದ್ರೆ ನೀವು ಚನ್ನರಾಯಪಟ್ಣಕ್ ಹೊಯ್ತೀರಿ."

ನನ್ನ ಬಾಯಿಂದ ಅದು ಹೇಗೆ ಬಂತೋ! ಅವರು ಕಿಟಕಿ ಕಡೆ ತಿರುಗಿಕೊಂಡರು. ಬುಟ್ಟಿ ಮಾತ್ರ ಬಿಡಲಿಲ್ಲ.

ಹಾಸನದ ಪಶು ಆಸ್ಪತ್ರೆಯಲ್ಲಿ ಇದ್ದದ್ದು ತೇಜಶ್ರೀ ಅನ್ನುವ ಹುಡುಗಿ ಡಾಕ್ಟರು. ಮೊಮ್ಮಗಳ ವಯಸ್ಸಿರಬಹುದು. ಎಮ್ಮೆ, ಮೇಕೆ, ನಾಯಿಗಳ ನಡುವೆ ನಮ್ಮ ಸರದಿ ಬಂತು. ಬಟ್ಟೆ ಸರಿಸಿದ ಕೂಡಲೇ ಅವಳ ಮುಖ ಅರಳಿತು.

"ಮೋಶನ್ ಆಗಿ ಎಷ್ಟ್ ದಿನ ಆಯ್ತಜ್ಜಿ?"

"ಯುಗ ಆಯ್ತು ಕಣವ್ವ! ಓಮದ ನೀರು ಕುಡಿಸ್ದೆ, ಬಜೆ ನೆಕ್ಕಿಸ್ದೆ, ಇಂಗು ಹಚ್ದೆ..."

"ಇಂಗಾ?"

"ಹರಳೆಣ್ಣೆನೂವೆ. ತೊಟ್ಟಲ್ಲಿ."

ಅವಳು ಶೆಟ್ಟರ ಕಡೆ ತಿರುಗಿದಳು. "ತಾತ, ನೀವಾದ್ರೂ ಅಜ್ಜಿಗೆ ಬೇಡ ಅನ್ಬಾರ್ದಿತ್ತಾ?"

"ಇವ್ರಿಗಾ? ನಾನಾ?" ಅಂದರು ಶೆಟ್ಟರು.

"ಸರಿಯಾದ ಗಂಡ ಹೆಂಡ್ತಿ ಬಿಡಿ," ಅಂತ ಅವಳು ನಕ್ಕು ಕೈಗವಸು ಹಾಕಿಕೊಂಡಳು.

ನಾನು ತಿದ್ದಲಿಲ್ಲ. ಅವರು ತಿದ್ದುತ್ತಾರೇನೋ ಅಂತ ನೋಡಿದೆ. ಅವರು ಗೋಡೆಯ ಮೇಲಿನ ಹಸುವಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕಿವಿ ಕೆಂಪಗಿತ್ತು.

ಡಾಕ್ಟರು ಹೊಟ್ಟೆಯನ್ನು ಮೆತ್ತಗೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿಟ್ಟಳು.

"ಅವರೆಕಾಯಿ ಸುಲಿಯೋಕ್ ಮುಂಚೆ ಬಲಿತಿದೆಯಾ ಅಂತ ಒತ್ತಿ ನೋಡ್ತೀವಲ್ಲ, ಹಂಗೆ ನೋಡಿ. ಮೆಲ್ಲಗೆ."

ಒತ್ತಿದೆ. ಒಳಗೆ ಸಾಲಾಗಿ ಕಾಳು. ಒಂದರ ಪಕ್ಕ ಒಂದು, ತುಂಬಿದ ಅವರೆಕಾಯಿಯ ಹಾಗೆ.

"ಅಯ್ಯೋ ನನ್ ಶಿವ್ನೆ!"

"ಹೊಟ್ಟೆ ಕೆಟ್ಟಿಲ್ಲ ಅಜ್ಜಿ. ನಿಮ್ ಸಾಹೇಬ್ರು ಬಸುರಿ."

ನಾನು ನಮ್ಮೂರಿನ ಅರ್ಧ ಜನರ ಹೆರಿಗೆ ಮಾಡಿಸಿದವಳು. ಹೆಂಗಸು ಬೀದಿಯ ಆ ತುದಿಯಲ್ಲಿ ನಡೆದುಬಂದರೆ ಈ ತುದಿಯಲ್ಲಿ ನಿಂತು ತಿಂಗಳು ಹೇಳುತ್ತಿದ್ದೆ. ಅಂಥ ನಾನು ಬಸುರಿಗೆ ಇಂಗು ಹಚ್ಚಿದ್ದೆ! ಶೆಟ್ಟರು ಮೊದಲು ನಕ್ಕರು. ಎಷ್ಟು ನಕ್ಕರೆಂದರೆ ಪಕ್ಕದಲ್ಲಿದ್ದ ಮೇಕೆ ಬೆದರಿ ಹಗ್ಗ ಕಿತ್ತುಕೊಂಡಿತು.

"ಅದು ಊಟ ಬಿಟ್ಟಿರೋದು, ನೆಲಕ್ಕಿಳಿದು ಚಡಪಡಿಸೋದು, ಎಲ್ಲ ಮೊಟ್ಟೆ ಇಡೋಕೆ ಜಾಗ ಹುಡುಕ್ತಾ," ಅಂದಳು ಡಾಕ್ಟರು. "ಕುಂಡದಲ್ಲಿ ಎಲ್ಲಿ ಅಗೆಯುತ್ತೆ? ಮೆತ್ತಗಿನ ಮಣ್ಣು ಬೇಕು. ಇನ್ನೂ ತಡ ಮಾಡಿದ್ರೆ ಮೊಟ್ಟೆ ಒಳಗೇ ಸಿಕ್ಕಿ ಜೀವ ಹೋಗುತ್ತೆ. ಇನ್ನೊಂದು, ಇದನ್ನ ಮನೇಲಿ ಸಾಕೋ ಹಾಗಿಲ್ಲ, ಕಾನೂನು ಒಪ್ಪಲ್ಲ. ಗಾಯ ಮಾಗಿದೆ. ನಿಮ್ ಹಿತ್ಲಿಂದ ಬಂದದ್ದು ತಾನೆ? ಅಲ್ಲೇ ಬಿಟ್ಬಿಡಿ."

"ಬಿಟ್ಬಿಡದಾ?" ಅಂದೆ.

"ಬಿಡ್ಲೇಬೇಕು."

ಬರುವಾಗ ಬಸ್ಸಿನಲ್ಲಿ ನಾನು, "ಈಗ ಇಬ್ರು ಹೆಂಗಸ್ರಿಗೂ ಫ್ರೀ," ಅಂತ ನಗಿಸಲು ನೋಡಿದೆ. ಶೆಟ್ಟರು ನಕ್ಕರು. ಆ ನಗು ಗೊರೂರಿನವರೆಗೂ ಉಳಿಯಲಿಲ್ಲ.

ದಾಸವಾಳದ ಬುಡದಲ್ಲಿ ಶೆಟ್ಟರು ತಾವೇ ಗುದ್ದಲಿ ಹಿಡಿದು ಮಣ್ಣು ಸಡಿಲ ಮಾಡಿದರು. ಕಲ್ಲು ಆರಿಸಿದರು, ನೀರು ಚಿಮುಕಿಸಿದರು. ಜೀವಮಾನವೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಕೈ, ಬೊಬ್ಬೆ ಬಂತು. ತೋರಿಸದೆ ಪಂಚೆಯಲ್ಲಿ ಮುಚ್ಚಿಟ್ಟುಕೊಂಡರು.

ಮಾರನೇ ಬೆಳಿಗ್ಗೆ ಸಾಹೇಬರು ಅಗೆಯಲು ಶುರು ಮಾಡಿದರು. ನಾವಿಬ್ಬರೂ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ನೋಡಿದೆವು. ಮುಂಗಾಲಿನಿಂದ ಮಣ್ಣು ಎಳೆಯುವುದು, ಹಿಂಗಾಲಿನಿಂದ ತಳ್ಳುವುದು. ಆ ಗಾಯದ ಕಾಲೂ ಕೆಲಸ ಮಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಲ ಮಾತ್ರ ಕಾಣುತ್ತಿತ್ತು. ಆಮೇಲೆ ಅದೂ ಇಲ್ಲ.

ನಾನು ಎದ್ದೆ, ಕೂತೆ, ಎದ್ದೆ.

"ಮಣ್ಣೊಳಗೆ ಉಸಿರು ಕಟ್ಬುಟ್ರೆ?"

"ಕೂತ್ಕಳಿ."

"ಏನಾರ ಆದ್ರೆ?"

"ಕೂತ್ಕಳಿ ಅಂದ್ನಲ್ಲ," ಅಂದರು. ಕೈ ಹಿಡಿದು ಕೂರಿಸಿದರು. ಕೂತ ಮೇಲೂ ಹಿಡಿದೇ ಇದ್ದರು. ಬೊಬ್ಬೆ ನನ್ನ ಅಂಗೈಗೆ ತಾಗುತ್ತಿತ್ತು.

ಬಿಸಿಲು ಇಳಿಯುವಾಗ ಸಾಹೇಬರು ಹೊರಗೆ ಬಂದರು. ಮೈಯೆಲ್ಲ ಮಣ್ಣು, ಹೊಟ್ಟೆ ಖಾಲಿ ಚೀಲ. ಅಷ್ಟು ಸುಸ್ತಾಗಿದ್ದರೂ ಗುಂಡಿಗೆ ಮಣ್ಣು ಎಳೆದು, ಕಾಲಿನಿಂದ ತಟ್ಟಿ ತಟ್ಟಿ ಮುಚ್ಚಿದರು. ಎಲ್ಲಿ ಅಗೆದರೆಂದು ಗುರುತೇ ಸಿಗದ ಹಾಗೆ. ನಾನು ಎಲೆಯ ಮೇಲೆ ಹನಿಸಿದ ನೀರನ್ನು ಕುಡಿದರು. ಶೆಟ್ಟರು ಡಬ್ಬ ತೆರೆದರು. ಈ ಸಲ ಕಣ್ಣು ಮುಚ್ಚಲಿಲ್ಲ. ನಾಲಿಗೆ ಹಾರಿತು, ಫಟ್. ಮಿಡತೆ ಮಾಯ.

ಆಮೇಲೆ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ತೂಗಾಡುತ್ತಾ ಬೇಲಿಯೊಳಗೆ ನಡೆದು ಹೋದರು. ಹಸಿರಲ್ಲಿ ಹಸಿರಾದರು. ಒಂದು ಕಣ್ಣಲ್ಲಿ ನಮ್ಮನ್ನು ನೋಡಿದರು ಅಂತ ನಾನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ.

"ಹೊಟ್ಟೆ ಸರಿಹೋಯ್ತು," ಅಂದರು ಶೆಟ್ಟರು.

"ಹೂಂ," ಅಂದೆ.

ಡಬ್ಬದ ಮುಚ್ಚಳ ಹಾಕಿ, ಚಪ್ಪಲಿ ಮೆಟ್ಟಿ, ಹೋದರು. ನಾಳೆ ಬತ್ತೀನಿ ಅನ್ನಲಿಲ್ಲ.

ಮಾರನೇ ಸಂಜೆ ಅವರು ಬರುವ ಹೊತ್ತಾಯಿತು. ಬರಲಿಲ್ಲ. ನಾನು ತಲೆ ಬಾಚಿದೆ, ಕೆದರಿಕೊಂಡೆ, ಮತ್ತೆ ಬಾಚಿದೆ. ಜಗುಲಿಯಿಂದ ಗೇಟು, ಗೇಟಿನಿಂದ ಜಗುಲಿ. ಖಾಲಿ ಕುಂಡ ಎತ್ತಿ ಆಚೆ ಇಟ್ಟೆ, ಈಚೆ ಇಟ್ಟೆ.

"ಅತ್ತೆ, ಒಂದ್ ಕಡೆ ಕೂತ್ಕಳಿ. ನೆಲ ಸವೀತದೆ," ಅಂದಳು ನೇತ್ರಾವತಿ ಒಳಗಿನಿಂದ. ಆಮೇಲೆ ದನಿ ತಗ್ಗಿಸಿ, "ಚನ್ನರಾಯಪಟ್ಣದ ಬಸ್ಸು ಆಗ್ಲೇ ಹೋಯ್ತು. ಅದ್ರಲ್ಲಿ ಅವರಿರ್ಲಿಲ್ಲ. ನಾನ್ ನೋಡ್ದೆ," ಅಂದಳು.

ನಾನು ಏನೂ ಕೇಳಿರಲಿಲ್ಲ. ಆದರೂ ಹೇಳಿದಳು. ಬಜಾರಿ, ನನ್ನ ಬಂಗಾರ.

ಕತ್ತಲಾಗುವ ಮೊದಲು ಗೇಟು ಕಿರ್ ಅಂತು. ಶೆಟ್ಟರು. ಕೈಯಲ್ಲಿ ಅದೇ ಡಬ್ಬ, ಒಳಗೆ ಟಪ್ ಟಪ್. ಕಿವಿಯ ಹಿಂದೆ ಕೂದಲು ಒದ್ದೆ.

"ಯಾರಿಗದು?" ಅಂದೆ.

ಅವರು ಕುಂಡ ನೋಡಿದರು, ಡಬ್ಬ ನೋಡಿದರು. "ಕೈ ಅಭ್ಯಾಸ ಆಗ್ಬುಟ್ಟೈತೆ."

"ಮಗಳ್ಗೇನಂದ್ರಿ?"

"ಮೊಟ್ಟೆ ಒಡ್ದು ಮರಿ ಬರ್ಲಿ, ಆಮ್ಯಾಲೆ ಬತ್ತೀನಿ ಅಂದೆ. ಮಣ್ಣು ಒಣಗ್ದಂಗೆ ಯಾರಾರ ನೋಡ್ಕಬೇಕಲ್ಲ."

"ಮುಂಗಾರಿಗೆ ಮರಿ ಬತ್ತವೆ. ಆಮ್ಯಾಲೆ?"

ಡಬ್ಬವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಮರಿಗಳ್ ಹೊಟ್ಟೆ ಕೆಟ್ರೆ?"

ನಗು ಬಂತು. ನಗುವಿನ ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

"ಶೆಟ್ರೆ, ಒಂದೇ ಒಂದ್ಸಲ ಗೋಸುಂಬೆ ಹೆಸ್ರೆತ್ತದೆ ಮಾತಾಡಿ. ನಿಮ್ಗೇನ್ ಬೇಕು?"

ಅವರು ಜಗುಲಿಯ ಅಂಚಿನಲ್ಲಿ ಕೂತರು. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲಿನ ಮಾಸಿದ ಬಸವಣ್ಣನ ಚಿತ್ರ ಸವರಿದರು.

"ಅವತ್ ಬೆಳಿಗ್ಗೆ ಕಾಂಪೌಂಡಿನಾಚೆ ನಿಂತಿದ್ನಲ್ಲ..."

"ಹೂಂ. ಗೋಸುಂಬೆ ನೋಡ್ತಾ."

"ನಿಮ್ಮನ್ನೇ ನೋಡ್ತಿದ್ದೆ ಗೌಡ್ತಮ್ಮ. ಅವತ್ತೊಂದೇ ದಿನ ಅಲ್ಲ. ಹಾಲಿಗ್ ಹೋಗೋವಾಗೆಲ್ಲ ನೋಡ್ತಿದ್ದೆ. ನೀವು ಒಬ್ರೇ ಕೂತ್ಕಂಡು ಕಾಗೆ ಜೊತೆ ಜಗಳ ಆಡ್ತಿದ್ರಿ, ಗಿಡಕ್ ಬೈತಿದ್ರಿ. ಕೇಳ್ತಾ ನಿಂತ್ಕಂತಿದ್ದೆ. ನಮ್ಮನೇಲಿ ಮಾತೇ ಇಲ್ಲ ನೋಡಿ. ಅವತ್ತು ಸಿಕ್ಕಾಕ್ಕಂಡೆ. ಏನ್ ಸುಳ್ ಹೇಳದು ಅಂತ ಮ್ಯಾಕ್ ನೋಡಿದ್ರೆ, ಆ ಪುಣ್ಯಾತ್ಗಿತ್ತಿ ಕೂತಿತ್ತು."

ನೊರೆ ಬಾಯಿ, ಕಾಗೆಗೂಡಿನ ತಲೆ, ಸೊಸೆಯ ನೈಟಿ, ಎಲ್ಲ ಕಣ್ಣ ಮುಂದೆ ಬಂತು. ಮೈಯೆಲ್ಲ ಬಿಸಿಯಾಯಿತು. ಈ ವಯಸ್ಸಿನಲ್ಲಿ ನನ್ನ ಕೆನ್ನೆಯೂ ಬಣ್ಣ ಬದಲಾಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

"ಮತ್ತೆ ನಾನವತ್ತು ಬೈದದ್ದು ಸರಿಯಾಗೇ ಇತ್ತು!"

"ಸರಿಯಾಗೇ ಇತ್ತು," ಅಂದರು. ತಲೆ ತಗ್ಗಿಸಲಿಲ್ಲ.

ನಾನು ಅವರ ತೊಡೆಯ ಮೇಲಿನ ಡಬ್ಬ ತಗೊಂಡು ಮುಚ್ಚಳ ಪೂರಾ ತೆರೆದೆ. ಮಿಡತೆಗಳು ಟಪ ಟಪ ಹಾರಿ ಬೇಲಿಯ ಕಡೆ ಹೋದವು. ಒಂದು ಅವರ ವಿಭೂತಿಯ ಮೇಲೆ ಕೂತು, ಯೋಚಿಸಿ, ಹಾರಿತು.

"ನಾಳಿಂದ ಬರಿಗೈಲಿ ಬನ್ನಿ."

"ಬರಿಗೈಲಿ ಒಬ್ರ ಮನೆಗ್ ಬರದಾ? ನೋಡ್ದೋರು ಯಾಕ್ ಬಂದ್ರು ಅಂತಾರೆ?"

"ನನ್ನ ನೋಡಕ್ ಬಂದ್ರು ಅಂತಾರೆ. ಅನ್ಲಿ."

ಮಾರನೇ ಸಂಜೆ ಬಂದರು. ಡಬ್ಬ ಇಲ್ಲ, ಏನೂ ಇಲ್ಲ. ಪಾಪ, ಆ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೇಟಿನ ಹತ್ತಿರವೇ ನಿಂತಿದ್ದರು. ಒಮ್ಮೆ ಹಿಂದೆ ಕಟ್ಟಿದರು, ಒಮ್ಮೆ ಮುಂದೆ. ಎದುರು ಮನೆಯ ಕಿಟಕಿಯಲ್ಲಿ ಪರದೆ ಅಲುಗಿತು. ಕಿವಿ ಕೆಂಪಾಯಿತು, ಆದರೂ ನಿಂತರು.

ನಾನು ಜಗುಲಿಯಲ್ಲಿ ಅವರೆಕಾಯಿ ಮೊರ ಮುಂದಿಟ್ಟುಕೊಂಡು ಕೂತಿದ್ದೆ. ಮೊರವನ್ನು ಅವರು ಕೂರುವ ಜಾಗಕ್ಕೆ ಸ್ವಲ್ಪ ತಳ್ಳಿದೆ.

"ಬನ್ನಿ. ಸುಲೀರಿ."

ಬಂದು ಕೂತರು. ಸುಲಿಯಲು ಬರುತ್ತಿರಲಿಲ್ಲ, ಒಂದು ಕಾಯಿಗೆ ಒಂದು ಗಂಟೆ. ನಾನು ಬೆರಳು ಹಿಡಿದು ಎಲ್ಲಿ ಒತ್ತಬೇಕೆಂದು ತೋರಿಸಿದೆ. ಒಳಗೆ ಮಿಷನ್ನು ನಿಂತಿತ್ತು. ಸ್ವಲ್ಪ ಹೊತ್ತಿಗೆ ನೇತ್ರಾವತಿ ಎರಡು ಲೋಟ ಕಾಫಿ ತಂದಿಟ್ಟು ಒಳಗೆ ಹೋದಳು. ಹೋದವಳೇ, ಇಡೀ ಅರಕಲಗೂಡಿಗೆ ಕೇಳುವ ಹಾಗೆ ಗಡಗಡ ಅಂತ ಮಿಷನ್ನು ತುಳಿಯತೊಡಗಿದಳು.